ಮಾವನವರು ಬ್ಯಾಲೆ ನೋಡಿದ್ದು

ಈ ನಿವೇದನೆಯಲ್ಲಿ ಕ್ರಮದೋಷ, ಭಾಷಾದೋಷಗಳಿದ್ದರೆ ದಯವಿಟ್ಟು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ತಪ್ಪಿದರೆ ತಿದ್ದಲು ಇನ್ನೊಬ್ಬರಿಲ್ಲ.

ಕಳೆದ ವರ್ಷ ಕೊಯಮತ್ತೂರಿನ ಕಲಾಸಂಘವೊಂದರ ಸದಸ್ಯತ್ವ ಪಡೆದು, ಪತಿ ಮತ್ತು ಮಾವನವರೊಡನೆ ಅನ್ನೂರಿನಿಂದ ಬಸ್ಸಿನಲ್ಲಿ ಹೋಗಿ ತಿಂಗಳಿಗೊಂದು ನಾಟಕ ನೋಡುವುದೆಂದು ನಿರ್ಣಯಿಸಿದೆ. ಮೊದಲ ನಾಟಕದಲ್ಲಿ ನಾಯಕ ಕುಸಿದು ಬಿದ್ದ ಕೂಡಲೇ ಚಪ್ಪಾಳೆ ತಟ್ಟಿದೆ. ಇಡೀ ಸಭಾಂಗಣದಲ್ಲಿ ನನ್ನದೊಂದೇ ಚಪ್ಪಾಳೆ! ಅವನು ಸಾಯುವ ಮುನ್ನ ಇನ್ನೂ ಅರ್ಧ ಗಂಟೆ ಮಾತನಾಡುವುದು ಬಾಕಿಯಿತ್ತು. ಎರಡನೆಯದರಲ್ಲಿ ಎಚ್ಚರ ವಹಿಸಿದೆ. ಎಲ್ಲರೂ ಎದ್ದು ನಿಂತು ತಟ್ಟುತ್ತಿದ್ದಾಗಲೂ ಕೈಕಟ್ಟಿ ಕುಳಿತಿದ್ದೆ. ನಟರು ನನ್ನನ್ನು ವಿಮರ್ಶಕಿಯೆಂದು ಭಾವಿಸಿ ಗಾಬರಿಗೊಂಡರಂತೆ!

ಆದ್ದರಿಂದ ನಿಯಮಾವಳಿ ರಚಿಸಿದೆ. ಮನೆಮಾತು ಕನ್ನಡವಾದರೂ ಮನೆಯಲ್ಲಿ ಬೇರೆ ಯಾರಿಗೂ ಕನ್ನಡ ಲಿಪಿ ಬಾರದ ಕಾರಣ, ಕನ್ನಡವನ್ನೇ ತಮಿಳು ಅಕ್ಷರಗಳಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಒಂದನೇ ನಿಯಮ: ಪ್ರದರ್ಶನದ ವೇಳೆ ಮಾತು ಕೂಡದು.

ವರ್ಷಾಂತ್ಯಕ್ಕೆ ಬ್ಯಾಲೆ ಬಂತು. ನನ್ನನ್ನು ಸಮಿತಿಗೆ ಸೇರಿಸಿಕೊಳ್ಳುವ ಯೋಚನೆಯಿದೆಯೆಂದು ಸಂಘದ ಕಾರ್ಯದರ್ಶಿಗಳು ತಿಳಿಸಿದ್ದರು. ಅಂದು ಅವರು ಮೊದಲ ಸಾಲಿನಲ್ಲಿ, ನಮ್ಮ ಪಕ್ಕದಲ್ಲೇ!

ನಾಯಕಿ ಕಾಲ್ಬೆರಳ ತುದಿಯಲ್ಲಿ ಸುತ್ತತೊಡಗಿದಳು. ನಲವತ್ತು ವರ್ಷ ಮಗ್ಗದಲ್ಲಿ ಕುಳಿತ ಮಾವನವರು ಕಾಲನ್ನು ನೋಡಲಿಲ್ಲ, ಲಂಗವನ್ನು ನೋಡಿದರು.

“ಅಮ್ಮಣಿ, ಅಂಚು ನೂಲು ಬಿಟ್ಟೈತೆ.”

“ಮಾವ, ಒಂದನೇ ನಿಯಮ!”

“ನಿಯಮ ಇರ್ಲಿ ಅಮ್ಮಣಿ, ಇನ್ನು ನಾಕು ಸುತ್ತು ಸುತ್ತುದ್ರೆ ಪೂರಾ ಬಂದ್ಬುಡ್ತೈತೆ.”

“ಬಿಡಪ್ಪಾ,” ಎಂದರು ನನ್ನ ಪತಿ, “ಬಿ.ಎ. ಪಾಸಾದೋರ ಕಣ್ಣಿಗೆ ನೂಲು ಕಾಣ್ಸಲ್ಲ.”

ಇಬ್ಬರನ್ನೂ ಗದರಿಸಿ ಸುಮ್ಮನಿರಿಸಿದೆ.

ನಾಲ್ಕು ಸುತ್ತು ಬೇಕಾಗಲಿಲ್ಲ. ಮೂರನೆಯದರಲ್ಲೇ ಲಂಗದ ಜರಿ ಅಂಚು ಕಳಚಿ ಆಕೆಯ ಕಾಲಿಗೆ ಸುತ್ತಿಕೊಂಡಿತು. ಆಕೆ ಇನ್ನೇನು ಮುಗ್ಗರಿಸಬೇಕು! ನಾನು ಎದ್ದು ನಿಂತು, ಕಲಿತ ವ್ಯಾಕರಣವನ್ನೆಲ್ಲ ಮರೆತು, ಮಗ್ಗದ ಮನೆಯ ಕಂಠದಲ್ಲಿ ಕೂಗಿದೆ:

“ನೂಲು ಕಿತ್ತೋಯ್ತು! ಮಗ್ಗ ನಿಲ್ಸು!”

ಸಂಗೀತ ನಿಂತಿತು. ನಾಯಕಿ ಒಂಟಿಗಾಲಿನಲ್ಲಿ ನಿಂತಳು. ಕಾರ್ಯದರ್ಶಿಗಳು ಕಣ್ಣು ಮುಚ್ಚಿಕೊಂಡರು. ಮಾವನವರು ಮಾತ್ರ ಆರಾಮವಾಗಿ ವೇದಿಕೆ ಏರಿ, ಎಳೆಗಳನ್ನು ಹಿಡಿದು ನೇಕಾರರ ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಡಿದು, “ಈಗ ಓಡ್ಸಮ್ಮಾ” ಎಂದರು.

ಸಭಾಂಗಣವೆಲ್ಲ ಎದ್ದು ಚಪ್ಪಾಳೆ! ನನ್ನ ನಿಯಮಾವಳಿಯಲ್ಲಿ ಈ ಸಂದರ್ಭದ ಉಲ್ಲೇಖವಿಲ್ಲದ ಕಾರಣ ನಾನು ತಟ್ಟಲಿಲ್ಲ.

ಇದರಿಂದ ನಮ್ಮ ಕುಟುಂಬದಲ್ಲಿ ಆದ ಬದಲಾವಣೆ ಇಷ್ಟು. ಮಾವನವರು ಈಗ ಸಂಘದ ಸಮಿತಿಯಲ್ಲಿದ್ದಾರೆ. ಪ್ರತಿ ಪ್ರದರ್ಶನಕ್ಕೆ ಮುನ್ನ ಉಡುಪುಗಳನ್ನು ಪರೀಕ್ಷಿಸಿ, ಮೊದಲ ಸಾಲಿನಲ್ಲಿ ಕೂರುತ್ತಾರೆ. ನಿಯಮಾವಳಿ ಗೋಡೆಯಿಂದ ಇಳಿದಿದೆ. ಪತಿ ಮತ್ತು ನಾನು ಕೊನೆಯ ಸಾಲಿನಲ್ಲಿ ಸುಖವಾಗಿದ್ದೇವೆ. ಮಾವನವರು ಚಪ್ಪಾಳೆ ತಟ್ಟಿದ ಮೇಲೆ ನಾನೂ ತಟ್ಟುತ್ತೇನೆ.