ಹನ್ನೆರಡು ಕುಂಡ, ಒಂದು ಮೊಗಚೇಕಾಯಿ

ನಡೆದದ್ದು ಇಷ್ಟೇ. ಮೊಮ್ಮಗಳು ನವ್ಯಾಳ ಹೆಸರುಕಾಳಿನ ಸಸಿಗಳನ್ನು ಕೊಂದವಳು ನಾನು. ಹೆಗ್ಗಣವಲ್ಲ. ಅರ್ಧ ಗಳಿಗೆ ಹೆಗ್ಗಣದ ತಲೆಗೆ ಕಟ್ಟಿ ನೋಡಿದೆ, ನಿಲ್ಲಲಿಲ್ಲ. ಎರಡನೇ ಮಹಡಿಗೆ ಹತ್ತಿ ಬರುವ ಹೆಗ್ಗಣ ನಮ್ಮ ಬೋಗಾದಿ ಬಡಾವಣೆಯಲ್ಲಿ ಇನ್ನೂ ಹುಟ್ಟಿಲ್ಲ.

ಸುಮ್ಮನೆ ಕೂರುವುದೂ ಒಂದು ವಿದ್ಯೆ. ನಾನು ಓದಿದ ಮೂರನೇ ಕ್ಲಾಸಿನವರೆಗೆ ಅದನ್ನು ಕಲಿಸಿರಲಿಲ್ಲ. ಮಂಡಿ ಸವೆದು, ಹೊಲದ ಕೆಲಸ ಬಿಟ್ಟು ಮಗನ ಮನೆಗೆ ಬಂದು ಎರಡು ವರ್ಷವಾಯಿತು. ಸೊಸೆ ಒಳ್ಳೆಯವಳು, ತೊಂದರೆಯೇ ಅದು. ಒಂದು ಲೋಟ ತೊಳೆಯಲೂ ಬಿಡುವುದಿಲ್ಲ. ಹತ್ತು ಗಂಟೆಗೆಲ್ಲ ನನ್ನ ದಿನ ಮುಗಿದುಹೋಗುತ್ತದೆ. ಆಮೇಲೆ ಬಾಲ್ಕನಿಯಲ್ಲಿ ನಿಂತು ಪಕ್ಕದ ಸೈಟಿನಲ್ಲಿ ಏಳುತ್ತಿರುವ ಮನೆಯನ್ನು ನೋಡುತ್ತೇನೆ. ಗಾರೆಯವನಿಗೆ ಎರಡು ಸಲ ಬುದ್ಧಿ ಹೇಳಿದೆ. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಅವನು ಏಣಿಯನ್ನೇ ಎತ್ತಿಕೊಂಡು ಆ ಕಡೆಯ ಗೋಡೆಗೆ ಹೋದ.

ಅದೇ ಬಾಲ್ಕನಿಯಲ್ಲಿ ನವ್ಯಾಳ ಹನ್ನೆರಡು ಕುಂಡಗಳಿದ್ದವು. ಅವಳು ಎಂ.ಎಸ್ಸಿ. ಓದುತ್ತಾಳೆ. ಹತ್ತು ದಿನದಲ್ಲಿ ಆ ಸಸಿಗಳ ಬೇರು ಕೊಯ್ದು, ಚಿತ್ರ ತೆಗೆದು ಒಪ್ಪಿಸಬೇಕು, ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲವಂತೆ. "ಮುಟ್ಬೇಡ ಅಜ್ಜಿ" ಎಂದು ಹೇಳಿಯೇ ಹೋಗಿದ್ದಳು. ಆದರೆ ನೋಡಿದರೆ ಆರು ಕುಂಡಗಳ ಮಣ್ಣು ರಸ್ತೆಗೆ ಹಾಕಿದ ಹಾಗೆ ಗಟ್ಟಿ! ಇಷ್ಟು ಓದಿದ ಹುಡುಗಿಗೆ ಕುಂಡ ತುಂಬಲು ಬರುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅಡುಗೆಮನೆಯಿಂದ ದೋಸೆ ಮೊಗಚೇಕಾಯಿ ತಂದು ಕೆದಕತೊಡಗಿದೆ. ಕೈಗೆ ಕೆಲಸ ಸಿಕ್ಕ ಖುಷಿಯಲ್ಲಿ ಸಡಿಲ ಮಣ್ಣಿನ ಕುಂಡಗಳನ್ನೂ ಬಿಡಲಿಲ್ಲ. ಇಂಗ್ಲಿಷಿನ ಚೀಟಿಗಳು ಅಡ್ಡ ಬಂದವು, ಕಿತ್ತೆ. ಹನ್ನೊಂದು ಮುಗಿಯುವಷ್ಟರಲ್ಲಿ ಸೊಪ್ಪಿನವಳು ಕೂಗಿದಳು, ಮೂಲೆಯಲ್ಲಿದ್ದ ಗಟ್ಟಿ ಮಣ್ಣಿನದೊಂದು ಉಳಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಕೆದಕಿದ ಕುಂಡಗಳ ಸಸಿಗಳೆಲ್ಲ ಕತ್ತು ಬಗ್ಗಿಸಿದವು.

ಸಂಜೆ ಬಂದ ನವ್ಯಾ ಬಾಲ್ಕನಿಯಲ್ಲೇ ಕುಸಿದು ಕೂತಳು. "ಹೆಗ್ಗಣ ಇರಬೇಕು ಕಣಮ್ಮ" ಅಂದೆ. ಅಷ್ಟರಲ್ಲಿ ಒಳಗೆ ದೋಸೆ ತಿನ್ನುತ್ತಿದ್ದ ಮಗ, "ಇದೇನವ್ವ, ದೋಸೇಲಿ ಮರಳು?" ಎಂದು ಕೂಗಿದ. ಸೊಸೆ ಮೊಗಚೇಕಾಯಿಯ ಹಿಡಿಯ ಸಂದಿಯಲ್ಲಿ ಮೆತ್ತಿದ್ದ ಮಣ್ಣನ್ನು ತೋರಿಸಿ, "ಅತ್ತೆ, ಹೆಗ್ಗಣ ದೋಸೆ ಹುಯ್ಯಕ್ಕೂ ಬಂದಿತ್ತಾ?" ಅಂದಳು.

"ನಾನೇ ಕೆದಕಿದ್ದು" ಎಂದೆ. "ಮಣ್ಣು ಅಷ್ಟೊಂದು ಗಟ್ಟಿ ಇದ್ರೆ ಬೇರು ಎಂಗೆ ಇಳೀತದೆ?"

"ಅದನ್ನ ನೋಡಕ್ಕೇ ಗಟ್ಟಿ ಮಾಡಿದ್ದು ಅಜ್ಜಿ! ಎರಡು ವಾರದ ಕೆಲಸ ಹಾಳು ಮಾಡ್ಬುಟ್ಟೆ!" ಎಂದು ನವ್ಯಾ ಅತ್ತಳು. ಅತ್ತು ಮುಗಿಸಿ ಉಳಿದಿದ್ದ ಒಂದು ಗಟ್ಟಿ ಕುಂಡದ ಸಸಿ ಕಿತ್ತಳು. ಬೇರು ಮೋಟು, ದಪ್ಪ. ಪಕ್ಕದಲ್ಲಿ ಸಡಿಲ ಮಣ್ಣಿನಲ್ಲಿ ಸತ್ತದ್ದರ ಬೇರು ನೂಲಿನ ಹಾಗೆ ಉದ್ದ. ಬ್ಲೇಡಿನಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಎರಡನ್ನೂ ಉದ್ದಕ್ಕೆ ಸೀಳಿ, ಎರವಲು ತಂದಿದ್ದ ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಸಡಿಲ ಮಣ್ಣಿನ ಬೇರಿನೊಳಗೆ ಉದ್ದುದ್ದ ಇಟ್ಟಿಗೆ ಜೋಡಿಸಿದ ಹಾಗೆ ನೇರ ಸಾಲು. ಗಟ್ಟಿ ಮಣ್ಣಿನದರಲ್ಲಿ ಇಟ್ಟಿಗೆಗಳೇ ಗಿಡ್ಡವಾಗಿ, ಅಗಲವಾಗಿ, ಒಂದನ್ನೊಂದು ನೂಕುತ್ತಾ ಕೂತಿದ್ದವು. ಪಕ್ಕದ ಸೈಟಿನ ಗಾರೆಯವನ ಕೆಲಸದ ಹಾಗಿತ್ತು.

"ಅದುಮಿದ್ರೆ ಬೇರು ಉದ್ದ ಬೆಳೆಯೋದು ಬಿಟ್ಟು ದಪ್ಪ ಆಗತ್ತೆ. ಆ ದಪ್ಪದಲ್ಲೇ ಮಣ್ಣು ಸರಿಸಿ ದಾರಿ ಮಾಡ್ಕೊಳ್ಳತ್ತೆ" ಅಂದಳು.

ನನಗೆ ನಾಚಿಕೆಯಾದದ್ದು ಆಗ. ಇದು ನನಗೆ ಗೊತ್ತಿತ್ತು. ನಮ್ಮೂರಲ್ಲಿ ರಾಗಿ ಪೈರು ಗೇಣುದ್ದ ಬಂದಾಗ, ಅದರ ಮೇಲೆಯೇ ಹಲ್ಲಿರುವ ಹಲುಬೆಯನ್ನು ಎತ್ತು ಕಟ್ಟಿ ಎಳೆಸುತ್ತಾರೆ. ಹೊಸದಾಗಿ ಮದುವೆಯಾಗಿ ಬಂದವಳು ಅದನ್ನು ನೋಡಿ ಬದುವಿನ ಮೇಲೆ ನಿಂತು ಅತ್ತಿದ್ದೆ. ನಮ್ಮತ್ತೆ, "ಅಳಬ್ಯಾಡ ಕಣೇ, ಬಗ್ಗಿಸಿದ್ರೇನೇ ಅದು ಬೇರು ಬುಡೋದು" ಎಂದು ಗದರಿಸಿದ್ದರು. ಹಾಗೇ ಆಯಿತು, ಎರಡು ದಿನ ಮುನಿಸಿಕೊಂಡ ಪೈರು ಆಮೇಲೆ ಬುಡದಲ್ಲಿ ನಾಲ್ಕು ಕವಲು ಹೆಚ್ಚೇ ಒಡೆಯಿತು. ಹಲುಬೆಯ ಹಿಂದೆ ನಲವತ್ತು ವರ್ಷ ನಡೆದವಳು ಬಾಲ್ಕನಿಗೆ ಬಂದು ಹೆಸರುಕಾಳಿಗೆ ಕನಿಕರ ತೋರಿಸಿದೆ.

"ಹೆಸರುಕಾಳು ತಾನೇ? ವಾರಕ್ಕೆ ಬೇರು ಬುಡ್ತದೆ. ಕಣ್ಣೊರೆಸ್ಕೊ, ಕಾಳು ನೆನೆಹಾಕು" ಅಂದೆ.

ಮಾರನೆಯ ಬೆಳಿಗ್ಗೆ ಐದಕ್ಕೇ ಎದ್ದೆ. ಆರು ಕುಂಡಗಳ ಮಣ್ಣನ್ನು ಒರಳಿನ ಗುಂಡುಕಲ್ಲಿನಿಂದ ನಾನು ಕುಟ್ಟಿದೆ, ಆರನ್ನು ನವ್ಯಾ ಸಡಿಲವಾಗಿ ತುಂಬಿದಳು. ಕಾಳು ಊರಿ, ಚೀಟಿ ಅಂಟಿಸಿದ ಮೇಲೆ ಬಾಲ್ಕನಿಯ ಬಾಗಿಲಿಗೆ ನಾನೇ ಬೀಗ ಹಾಕಿ, ಬೀಗದಕೈ ಅವಳಿಗೆ ಕೊಟ್ಟು ಕಳಿಸಿದೆ. ಆಗಿನ್ನೂ ಎಂಟು ಗಂಟೆ. ಸೊಸೆ ಸ್ನಾನಕ್ಕೆ ಹೋಗಿದ್ದಳು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಸೊಸೆಯೂ ಅವುಗಳ ಮೇಲೆ ಏನೇನೋ ಚೀಟಿ ಅಂಟಿಸಿದ್ದಳು. ಒರೆಸಲು ಅಡ್ಡವಾಗುತ್ತವೆ ಎಂದು ಒಂದೊಂದಾಗಿ ಕೀಳತೊಡಗಿದೆ.