ಹಚ್ಚಿದ ಮ್ಯಾಲ ಒರಸಬೇಕ್ರಿ

ನಮ್ಮ ಮಾಮಾನಷ್ಟು ಎಣ್ಣಿ ಸುರಿದ ಮನಷ್ಯಾನ್ನ ನೀವು ನಿಪ್ಪಾಣಿ ತುಂಬ ಹುಡುಕಿದರೂ ಸಿಗಾಂಗಿಲ್ಲ. ದೇವರಿಗಲ್ಲ, ತಲಿಗಲ್ಲ, ಒಂದು ಕಬ್ಬಿಣದ ಅಚ್ಚಿಗೆ!

ಎಂಬತ್ತರ ದಶಕದಾಗ ಊರಿಗೂರೇ ತಂಬಾಕದ ಬೆನ್ನು ಹತ್ತಿದ್ದರ, ಈತ ಮನಿ ಹಿಂದಿನ ಶೆಡ್ಡಿನಾಗ ಕರೆಂಟಿನ ಫ್ಯೂಜಿಗೆ ಹಾಕೂ ಬಿಳಿ ಪಿಂಗಾಣಿ ತುಂಡು ಮಾಡಾಕ ಕುಂತ. ಪಿಂಗಾಣಿ ಮಣ್ಣಿನ ಪುಡಿ ಅಚ್ಚಿಗೆ ತುಂಬೂದು, ಪ್ರೆಸ್ಸಿನ ಹಿಡಿಕಿ ತಿರುವೂದು, ತುಂಡು ಹೊರಗ ತಗದು ಭಟ್ಟಿಗೆ ಹಾಕೂದು. ಹೇಳಾಕೇನು, ಸಲೀಸು! ಆ ಪುಡಿ ಅಚ್ಚಿಗೆ ಅಂಟಿ ಅರ್ಧ ತುಂಡು ಒಳಗ, ಅರ್ಧ ಮಾಮಾನ ಕೈಯಾಗ. ಹಿಡಿಕಿ ತಿರುವಾಂವ ಮಾಮಾ. ಅಚ್ಚು ಕೆರದು, ಚಿಮಣಿ ಎಣ್ಣಿಲೆ ತೊಳದು, ಮತ್ತ ಎಣ್ಣಿ ಹಚ್ಚಾಕಿ ಮಾಮಿ. ಆಕಿ ಬೆರಳೆಲ್ಲಾ ಸೀಳಿ, ರೊಟ್ಟಿ ಬಡಿಯುವಾಗ ಉರಿಗೆ ಹಲ್ಲು ಕಚ್ಚತಿದ್ಲು. ಅದನ್ನ ಯಾರು ನೋಡ್ತಾರ!

ಮಾಮಾನ ಸಂಶೋಧನಾ ಮಾತ್ರ ಜೋರು. ಶೇಂಗಾ ಎಣ್ಣಿ ಆತು, ಸಾಬೂನಿನ ನೀರಾತು, ಮಾಮಿ ತಲಿಗೆ ಹಚ್ಚೂ ಕೊಬ್ಬರಿ ಎಣ್ಣಿ ಬಾಟ್ಲಿನೂ ಖಾಲಿ ಆತು. ಒಂದಿನ ಬಸದಿ ದೀಪಕ್ಕ ಇಟ್ಟಿದ್ದ ತುಪ್ಪಾನೂ ಮಾಯ!

"ದೇವರ ತುಪ್ಪಾನೂ ಬಿಡಲಿಲ್ಲೇನೋ?" ಅಂತ ಅಜ್ಜಿ ಎದಿ ಬಡಕೊಂಡ್ಲು.

"ದೇವರು ವೀತರಾಗಿ ಬೇ, ಅವನಿಗೇನೂ ಬ್ಯಾಡ. ನನ್ನ ಅಚ್ಚಿಗೆ ಬೇಕು!"

ಅಕ್ಕೋಳದಾಗ ಬಳಗದವರ ಮದುವ್ಯಾಗ ಎಲ್ಲಾರೂ ಅಕ್ಷತಾ ಹಾಕೂ ಹೊತ್ತಿನ್ಯಾಗ ಈತ ಎಲ್ಲಿ? ಅಡಗಿಯವನ ಹಂಚಿನ ಮುಂದ! "ಹೋಳಿಗಿ ಅಂಟದಂಗ ಏನು ಹಚ್ಚತೀಯೋ?" ಅಂತ ಕೇಳಿ, ಆ ಎಣ್ಣಿ ಅರಿವೀನ ಹೊಸಾ ಅಂಗಿ ಕಿಸೆದಾಗ ತುರುಕಿಕೊಂಡು ಬಂದ. ಅಂಗಿ ಒಗದಾಕೀನೂ ಮಾಮಿನೇ, ಅವೇ ಸೀಳಿದ ಕೈಲೆ. ನಾವೆಲ್ಲಾ ನಕ್ಕಿವಿ. ಈಗ ನೆನಸಿಕೊಂಡರ ನನ್ನ ಮ್ಯಾಲ ನನಗ ಹೇಸಿಕಿ ಬರತೈತಿ.

ಮಾಮಿ ದಿನಾ ಹೇಳತಿದ್ಲು. "ಏನ್ರಿ, ಎಣ್ಣಿ ಹೆಚ್ಚಾಗಿ ಪುಡಿ ರಾಡಿ ಆಗಾಕತ್ತೈತಿ. ಹಚ್ಚಿದ ಮ್ಯಾಲ ಒಣ ಅರಿವಿಲೆ ಒರಸಬೇಕ್ರಿ. ದೋಸಿ ಹಂಚಿಗೆ ನಾ ಹಂಗ ಮಾಡೂದು."

"ನೀ ನಿನ್ನ ದೋಸಿ ನೋಡಕೋ. ಇದು ಎಂಜಿನಿಯರಿಂಗ್ ಐತಿ!"

ಒಂದಿನ ಆಕಿ ಅವಗ ಹೇಳದ, ನನ್ನ ಕಣ್ಣ ಮುಂದ, ತನ್ನ ಹಳೇ ಹಸರು ಸೀರಿ ಹರದು ಅಚ್ಚು ಒರಸಿಟ್ಟಳು. ಮಾಮಾ ಹಿಡಿಕಿ ತಿರುವಿದ. ತುಂಡು ಟಪ್ಪಂತ ಹೊರಗ ಬಂತು! ಇನ್ನೊಂದು! ಮತ್ತೊಂದು! "ನನ್ನ ಮಿಶ್ರಣಾ ಹದಕ್ಕ ಬಂತು!" ಅಂತ ಓಣಿ ಎಲ್ಲಾ ಕೂಗಿದ. ಬಂದವರಿಗೆಲ್ಲಾ ಅಳತಿ ವಿವರಿಸಿದ್ದೇ ವಿವರಿಸಿದ್ದು. ಮಾಮಿ ಚಹಾ ಕೊಟ್ಟು ಒಳಗ ಹೋದಳು. "ಒರಸಿದಾಕಿ ನೀ ಅಂತ ಹೇಳು ಮಾಮಿ!" ಅಂತ ನಾ ಅಂದ್ರ, "ಸುಮ್ಮನಿರು, ಅವರು ನಕ್ಕು ಎಷ್ಟು ದಿನಾ ಆಗಿತ್ತು" ಅಂದ್ಲು. ಶೆಡ್ಡು ಉಳೀತು. ಆಕಿ ಮಾತು ಉಳೀಲಿಲ್ಲ. ಆ ಸಿಟ್ಟು ವರ್ಷಗಟ್ಟಲೆ ನನ್ನ ಬಿಡಲಿಲ್ಲ.

ತೊಂಬತ್ತರ ದಶಕದಾಗ ಮಾಮಿ ಬೆರಳು ಮಡಚಾಕ ಬರಲಾರದಂಗ ಆದವು. ಒಂದಿನ ಮಾಮಾಗ ನಾಲ್ಕು ಬಿರುಸು ಮಾತು ಆಡೇ ಬರಬೇಕು ಅಂತ ಹೋದೆ. ಬಾಗಲದಾಗ ನಿಂತೆ. ಮಾಮಾ ನೆಲಕ್ಕ ಕುಂತು, ಬೆಚ್ಚಗಿನ ಕೊಬ್ಬರಿ ಎಣ್ಣಿ ಆಕಿ ಒಂದೊಂದು ಬೆರಳಿಗೆ ಹಚ್ಚಿ, ಸೀರಿ ತುಂಡಿಲೆ ಮೆಲ್ಲಕ ಒರಸಾಕತ್ತಿದ್ದ.

"ಹಚ್ಚಿದ ಮ್ಯಾಲ ಒರಸಬೇಕಲ್ಲಾ?" ಅಂದ, ತಲಿ ಎತ್ತದ.

ಮಾಮಿ ಕಣ್ಣು ದೊಡ್ಡವು ಮಾಡಿದ್ಲು. "ನಿಮಗ ಯಾವಾಗ ಗೊತ್ತಾತ್ರಿ?"

"ಅವತ್ತೇ. ಮೊದಲನೇ ತುಂಡಿಗೆ ಹಸರು ಎಳಿ ಹತ್ತಿತ್ತು."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನಾಚಿಕಿ ಆತು."

ಮಾಮಿ ಕಣ್ಣು ಒರಸಿಕೊಂಡು, ಇನ್ನೊಂದು ಕೈನೂ ಮುಂದ ಚಾಚಿದ್ಲು.