ಮಾವನವರ ಶುಂಠಿಪುಡಿ, ದ್ವೀಪದ ದ್ರಾಕ್ಷಿ

ನಾನು ಆಸೆಪಟ್ಟದ್ದು ಪಕ್ಕದಲ್ಲಿ ಕೂತವರಿಗೆ ಸಿಗುವುದು ನನ್ನ ಜೀವನದಲ್ಲಿ ಹೊಸದೇನಲ್ಲ. ಬಸ್ಸಿನ ಕಿಟಕಿ ಸೀಟು, ಮದುವೆ ಊಟದ ಕೊನೆಯ ಹೋಳಿಗೆ, ಎಲ್ಲವೂ ಹಾಗೇ ಹೋಗಿವೆ. ಆದರೆ ಅಡಿಲೇಡಿಗೆ ಹೋದಾಗ ಆದದ್ದನ್ನು ಮಾತ್ರ ಇವತ್ತಿಗೂ ಕ್ಷಮಿಸಲು ಆಗಿಲ್ಲ.

ಅದೂ ಹಣ್ಣೇ

ಮೈಸೂರಿನಿಂದ ಅತ್ತೆ ಮಾವ ಬಂದಿದ್ದರು. ಬ್ರಿಸ್ಬೇನ್ ಪಕ್ಕದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ನಮ್ಮ ಮನೆ. ಪಾಪ, ಅಲ್ಲಿ ಎಷ್ಟು ದಿನ ಅಂತ ಕೆರೆಯ ಬಾತುಕೋಳಿ ನೋಡುತ್ತಾರೆ? ಅಡಿಲೇಡ್ ತೋರಿಸೋಣ ಎಂದು ಕರೆದುಕೊಂಡು ಹೋದೆವು. ಮಾರನೆಯ ಬೆಳಗ್ಗೆ ದೇವಸ್ಥಾನಕ್ಕೆ ಹೊರಟಾಗ ಮೋಟೆಲಿನ ಕೌಂಟರಿನಲ್ಲಿ ಕಾಂಗರೂ ಐಲ್ಯಾಂಡಿನ ಬಣ್ಣದ ಜಾಹೀರಾತು ಕಣ್ಣಿಗೆ ಬಿತ್ತು. ಮೇಲೆ ಸಮುದ್ರದ ಸೀಲ್ ಪ್ರಾಣಿ, ನಡುವೆ ಕಾಂಗರೂ, ಕೆಳಗೆ ವೈನ್ ಮಾಡುವ ದ್ರಾಕ್ಷಿ ತೋಟ. ದ್ವೀಪದ ವೈನು! ಒಂದು ಗುಟುಕಾದರೂ ರುಚಿ ನೋಡಲೇಬೇಕು ಎಂದು ಮನಸ್ಸು ಪಟ್ಟು ಹಿಡಿಯಿತು. ಆದರೆ ಮಾವನವರ ಎದುರು ವೈನ್ ಅನ್ನುವ ಧೈರ್ಯ ಯಾರಿಗಿದೆ? ಅವರ ಮನೆಯೊಳಗೆ ಬೆಳ್ಳುಳ್ಳಿಗೇ ಪ್ರವೇಶವಿಲ್ಲ.

"ಮಾವ, ಸೀಲ್ ನೋಡಿದೀರಾ? ಇವತ್ತೇ ಹೋಗ್ಬಿಡೋಣ. ದೇವರು ನಾಳೆನೂ ಇಲ್ಲೇ ಇರ್ತಾನೆ," ಎಂದೆ.

ಹೆಂಡತಿ ಕಾಗದ ಕಿತ್ತುಕೊಂಡು ನನ್ನನ್ನೇ ದಿಟ್ಟಿಸಿದಳು. "ಕೆಳಗಡೆ ಏನ್ರೀ ಇದು, ದ್ರಾಕ್ಷಿ?"

"ಅದೂ ಹಣ್ಣೇ ಕಣೇ."

"ಹಣ್ಣು ಹೊಟ್ಟೆಗೆ ಒಳ್ಳೇದು, ನಡೀರಿ," ಎಂದು ಮಾವ ಬಾಗಿಲ ಕಡೆ ನಡೆದರು.

ಕೈ ಒಡ್ಡಿ ಎಲ್ಲರೂ

ನಮ್ಮ ಬಾಡಿಗೆ ಕಾರನ್ನೂ ಹೊತ್ತೊಯ್ಯುವ ಫೆರಿ ಹಡಗು ಹತ್ತುವ ಕಡೆ ಒಂದು ಬೋರ್ಡು. ಹೊರಗಿನ ಜೇನುತುಪ್ಪ ದ್ವೀಪಕ್ಕೆ ತರುವಂತಿಲ್ಲ, ಅಲ್ಲಿನ ಜೇನುಹುಳುಗಳಿಗೆ ರೋಗ ತಗಲುತ್ತದಂತೆ. ಅತ್ತೆಯ ಬ್ಯಾಗಿನಲ್ಲಿ ಜೇನಿನ ಬಾಟಲಿಯಿತ್ತು. ಮಾವನವರಿಗೆ ಕೆಮ್ಮು. ದಿನಾ ಊಟಕ್ಕೆ ಮುಂಚೆ ಶುಂಠಿಪುಡಿಯನ್ನು ಜೇನಿನಲ್ಲಿ ಕಲಸಿ ಅವರಿಗೆ ಕೊಡಬೇಕು.

"ಕಸದ ಬುಟ್ಟಿಗೆ ಹಾಕೋದಾ? ಕೈ ಒಡ್ಡಿ ಎಲ್ಲರೂ!" ಎಂದರು ಅತ್ತೆ. ಪಂಚಾಮೃತ ಹಂಚಿದ ಹಾಗೆ ಬಾಟಲಿ ಖಾಲಿ ಮಾಡಿದರು. ಟಿಕೆಟ್ ನೋಡುವ ಗಡ್ಡದವನ ಅಂಗೈಗೂ ಬಿತ್ತು. ಅವನು ನೆಕ್ಕಿ, ದ್ವೀಪದ ಅಂಗಡಿಯಲ್ಲಿ ಬಹಳ ಒಳ್ಳೆಯ ಜೇನು ಸಿಗುತ್ತದೆ ಎಂದ. ನಾನು ಅದನ್ನು ಅತ್ತೆಗೆ ತಿಳಿಸಿದೆ.

"ನಮ್ ಜೇನು ಬೇಡ ಅಂದೋರ ಜೇನು ನಮಗೂ ಬೇಡ," ಎಂದರು ಅತ್ತೆ.

ಔಷಧಿ ಉಗಿಯೋದಾ?

ಸೀಲುಗಳು ಬಿಸಿಲಿಗೆ ಮಲಗಿದ್ದವು. ಅವುಗಳನ್ನು ನೋಡಿದ್ದಾಯಿತು. ಊಟದ ಹೊತ್ತಿಗೆ ಕಾರನ್ನು ದ್ರಾಕ್ಷಿ ತೋಟಕ್ಕೆ ತಿರುಗಿಸಿದೆ. ಒಳಗೆ ಒಬ್ಬ ಹೆಂಗಸು ನಗುತ್ತ ನಾಲ್ಕು ಗ್ಲಾಸಿಗೆ ಒಂದೊಂದು ಗುಟುಕು ವೈನ್ ಸುರಿದಳು. ಮಾವ ಗ್ಲಾಸನ್ನು ಮೂಗಿಗೆ ಹಿಡಿದರು.

"ಇವಳೇ, ಇದು ದ್ರಾಕ್ಷಾರಿಷ್ಟ ಕಣೇ! ನಮ್ಮ ಪಂಡಿತರು ಕೊಡ್ತಿದ್ದ ಔಷಧಿ!"

ಅತ್ತೆಯೂ ಮೂಸಿದರು. "ಹೌದಲ್ಲ! ನನ್ನ ಬಾಣಂತನದಲ್ಲಿ ಅಮ್ಮ ದಿನಾ ಕುಡಿಸ್ತಿದ್ಲು."

ಜೇನಿಲ್ಲದೆ ಪರದಾಡುತ್ತಿದ್ದ ಶುಂಠಿಪುಡಿ ತಕ್ಷಣ ಹೊರಗೆ ಬಂತು, ವೈನಿಗೆ ಬಿತ್ತು. ಮಾವ ಎಂಜಲಾಗದ ಹಾಗೆ ಗ್ಲಾಸನ್ನು ಎತ್ತರಕ್ಕೆ ಎತ್ತಿ, ತುಟಿಗೆ ತಾಗಿಸದೆ ಬಾಯಿಗೆ ಬಿಟ್ಟುಕೊಂಡರು. ಗಾಳಿ ತಗಲಿದಷ್ಟೂ ವೈನಿಗೆ ರುಚಿಯಂತೆ; ಇಷ್ಟು ಚೆನ್ನಾಗಿ ಗಾಳಿ ಆಡಿಸಿ ಕುಡಿಯುವವರನ್ನು ನೋಡೇ ಇಲ್ಲ ಎಂದು ಆ ಹೆಂಗಸು ಇನ್ನೊಂದು ಗುಟುಕು ಸುರಿದಳು. ರುಚಿ ನೋಡಿ ಉಗಿಯುವುದಕ್ಕೆ ಬಕೆಟ್ಟನ್ನೂ ತೋರಿಸಿದಳು.

"ಔಷಧಿ ಉಗಿಯೋದಾ?" ಎಂದು ಅತ್ತೆ ಪೂರ್ತಿ ನುಂಗಿದರು.

ದೇವರು ಕಣ್ಣು ಬಿಟ್ಟ ಎಂದು ನಾನು ಗ್ಲಾಸಿಗೆ ಕೈ ಹಾಕಿದೆ. ಹೆಂಡತಿ ಆ ಕೈ ಹಿಡಿದಳು. "ನೀವು ಡ್ರೈವ್ ಮಾಡ್ಬೇಕಲ್ರೀ. ಬಾಡಿಗೆ ಕಾರು ನಿಮ್ಮೊಬ್ಬರ ಹೆಸರಲ್ಲಿರೋದು."

"ಒಂದೇ ಗುಟುಕು..."

"ಒಂದು ಹನೀನೂ ಇಲ್ಲ," ಎಂದು ನನ್ನ ಪಾಲನ್ನೂ ಅವಳೇ ಮುಗಿಸಿದಳು. ಅಲ್ಲಿಗೆ ಬರುವ ಮಕ್ಕಳಿಗೆಂದು ಇಟ್ಟಿದ್ದ ಸೇಬಿನ ಜ್ಯೂಸು ನನಗೆ ಬಂತು. ಅದರ ಗ್ಲಾಸಿನ ಮೇಲೆ ಕೊವಾಲಾ ಚಿತ್ರವಿತ್ತು.

ವೆರಿ ಗುಡ್ ಬಾಯ್

ಫೆರಿ ಇಳಿದು ಅಡಿಲೇಡಿನ ದಾರಿ ಹಿಡಿದಾಗ ಪೊಲೀಸರು ಕಾರು ನಿಲ್ಲಿಸಿದರು. ಒಬ್ಬ ನನ್ನ ಬಾಯಿಯ ಮುಂದೆ ಕುಡಿತ ಪತ್ತೆ ಮಾಡುವ ಯಂತ್ರ ಹಿಡಿದು, ಒಂದರಿಂದ ಹತ್ತರವರೆಗೆ ಎಣಿಸು ಎಂದ. ನಾನು ಬಾಯಿ ತೆರೆಯುವ ಮುಂಚೆಯೇ ಹಿಂದಿನ ಸೀಟಿನಿಂದ ಮಾವ, "ಒಂದು! ಎರಡು! ಮೂರು!" ಎಂದು ರಾಗವಾಗಿ ಶುರುಮಾಡಿದರು. ಪೊಲೀಸ್ ತಲೆ ಒಳಗೆ ಹಾಕಿದ. ಕಾರಿನ ತುಂಬ ಶುಂಠಿ ಮತ್ತು ವೈನಿನ ಘಮ. ಇವತ್ತು ಏನಾದರೂ ಕುಡಿದಿದ್ದೀಯಾ ಎಂದು ನನ್ನನ್ನು ಕೇಳಿದ.

ಅತ್ತೆಗೆ ಅಳಿಯನ ಮೇಲೆ ಅಭಿಮಾನ ಉಕ್ಕಿತು. "ನೋ ಸರ್! ವೆರಿ ಗುಡ್ ಬಾಯ್! ಹೀ ನೋ ಡ್ರಿಂಕ್. ಓನ್ಲಿ ವೀ ಡ್ರಿಂಕ್!"

ಎಣಿಸಿದೆ. ಯಂತ್ರದಲ್ಲಿ ಸೊನ್ನೆ ಬಂತು. ಪೊಲೀಸ್ ಹಿಂದಿನ ಸೀಟನ್ನೊಮ್ಮೆ ನೋಡಿ, ನನ್ನ ಹೆಗಲು ತಟ್ಟಿ, "ಸಾರಿ, ಮೇಟ್," ಎಂದ.

ಕೆಮ್ಮು

ಮಾವನವರ ಔಷಧಿಗೆಂದು ಆ ತೋಟದಿಂದ ಒಂದು ಬಾಟಲಿ ವೈನ್ ಕೊಂಡು ತಂದಿದ್ದೆವು. ನನ್ನ ಆಸೆಯೆಲ್ಲ ಅದರ ಮೇಲಿತ್ತು. ಬ್ರಿಸ್ಬೇನಿನ ಮನೆಯಲ್ಲಿ ಅತ್ತೆ ಅದನ್ನು ಸಾರಿನಪುಡಿ ಡಬ್ಬದ ಹಿಂದೆ ಇಟ್ಟು ಕಾವಲು ಕಾದರು. ಒಂದು ಸಂಜೆ ಆಫೀಸಿನಿಂದ ಬಂದವನು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಗಟ್ಟಿಮುಟ್ಟಾಗಿರೋರು ಔಷಧಿ ಕುಡೀತಾರಾ, ಅಳಿಯಂದ್ರೇ?" ಎಂದು ಅತ್ತೆ ನಕ್ಕರು.

ಮರುದಿನ ಸಂಜೆ ಬಾಗಿಲಿನಿಂದಲೇ ಕೆಮ್ಮುತ್ತ ಒಳಗೆ ಬಂದೆ. ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದೆ. ಅತ್ತೆ ಗಾಬರಿಯಿಂದ ಅಡುಗೆಮನೆಗೆ ಓಡಿ ಲೋಟ ತಂದರು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ. ಮೆಣಸಿನ ಕಷಾಯ!

"ಮತ್ತೆ... ಆ ಬಾಟಲಿ?"

"ಅದು ಮುಗೀತಲ್ಲ. ನಿಮ್ಮ ಹೆಂಡ್ತಿಗೆ ನಿಶ್ಶಕ್ತಿಯಂತೆ, ಉಳಿದಿದ್ದನ್ನ ಈಗಷ್ಟೇ ಕೊಟ್ಟೆ."

ಸೋಫಾದ ಮೇಲಿದ್ದ ಹೆಂಡತಿ ತುಟಿ ಒರೆಸಿಕೊಂಡು ಹೇಳಿದಳು: "ಪೂರ್ತಿ ಕುಡೀರಿ. ಹೇಗೂ ಇವತ್ತು ಡ್ರೈವಿಂಗ್ ಇಲ್ವಲ್ಲ."